ಟರ್ಬೊಗೆ ಎಣ್ಣೆ ಶಾಸ್ತ್ರ

ನನ್ನ ಗಂಡ ಇಂಜಿನ್ನುಗಳ ಜೊತೆ ಮಾತಾಡಿದಷ್ಟು ನನ್ನ ಜೊತೆ ಮಾತಾಡಿದವರಲ್ಲ. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯಲು ಈಗ ಅವರೂ ಇಲ್ಲ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ತಿಪಟೂರಿನಿಂದ ಬಿಳಿಗೆರೆ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಮನೆ. ಹಿಂದೆ ಮಾವನವರು ಬಿಟ್ಟುಹೋದ ಸಣ್ಣ ತೆಂಗಿನ ತೋಟ, ಪಕ್ಕದಲ್ಲಿ ತಗಡು ಹೊದಿಸಿದ ಶೆಡ್ಡು. ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ, ಶೆಡ್ಡಿನ ತುಂಬ ಡೀಸೆಲ್ ಪಂಪ್‌ಸೆಟ್ಟು. ಸುತ್ತಲ ಹಳ್ಳಿಯವರು ಬಾವಿಯ ಇಂಜಿನ್ ಕೆಟ್ಟರೆ ಎತ್ತಿನ ಗಾಡಿಯ ಮೇಲೆ ಹೇರಿಕೊಂಡು ನೇರ ನಮ್ಮಲ್ಲಿಗೆ ಬರುತ್ತಿದ್ದರು. ನನ್ನ ಗಂಡನನ್ನು ಎಲ್ಲರೂ ಕರೆಯುತ್ತಿದ್ದುದು ಇಂಜಿನ್ ಮೇಸ್ತ್ರಿ ಎಂದು. ನಾನು ಪ್ರೈಮರಿ ಶಾಲೆಯ ಟೀಚರು. ಹಂದನಕೆರೆ ಕಡೆಗೆ ಆರು ವರ್ಷ ಬಸ್ಸಿನಲ್ಲಿ ಓಡಾಡಿ, ಯಾರು ಯಾರದೋ ಕೈಕಾಲು ಹಿಡಿದು, ಕೊನೆಗೆ ನಡೆದುಹೋಗುವಷ್ಟು ಹತ್ತಿರದ ಶಾಲೆಗೆ ವರ್ಗ ಮಾಡಿಸಿಕೊಂಡಿದ್ದೆ.

ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ನಮ್ಮ ನಾದಿನಿಯನ್ನು, ಅಂದರೆ ಇವರ ಅಕ್ಕನನ್ನು, ಹಾಲ್ಕುರಿಕೆಗೆ ಕೊಟ್ಟಿತ್ತು. ಬಂದಾಗಲೆಲ್ಲ ಒಳಗಿದ್ದ ನನಗೆ ಕೇಳುವ ಹಾಗೆಯೇ ತಮ್ಮನ ಹತ್ತಿರ, "ಇನ್ನೊಂದ್ ಮದ್ವೆ ಆಗು ಕಣ್ಲಾ. ಇವ್ಳ್ನೇನು ಬುಟ್ಬುಡು ಅಂತೀನಾ, ಇವ್ಳೂ ಇರ್ಲಿ," ಎನ್ನುತ್ತಿದ್ದಳು. ಇವರು "ಸುಮ್ನಿರಕ್ಕ" ಎನ್ನುತ್ತಿದ್ದರು. ಆಗಲ್ಲ ಅಂತ ಒಂದು ಸಲವೂ ಅನ್ನಲಿಲ್ಲ. ಸುಮ್ಮನಿರು ಅಂದರೆ ಬೇಡ ಅಂತಲೋ, ಆಮೇಲೆ ನೋಡೋಣ ಅಂತಲೋ ಎಂದು ನಾನು ಒಲೆಯ ಮುಂದೆ ಕೂತು ಲೆಕ್ಕ ಹಾಕುತ್ತಿದ್ದೆ.

ಶೆಡ್ಡಿಗೂ ನನಗೂ ಇದ್ದ ನಂಟು ಒಂದೇ, ಎಣ್ಣೆ ಶಾಸ್ತ್ರ. ಮದುವೆ ಮನೆಯಲ್ಲಿ ಹೆಣ್ಣು ಗಂಡಿಗೆ ಎಣ್ಣೆ ಹಚ್ಚುವುದಿಲ್ಲವೇ, ಹಾಗೆ ಬಿಚ್ಚಿ ಜೋಡಿಸಿದ ಪ್ರತಿ ಇಂಜಿನ್ನಿಗೂ ಅದರ ಎಣ್ಣೆ ಬಾಯಿಯಲ್ಲಿ ಒಂದು ಚಮಚ ನಮ್ಮ ಮನೆಯ ಕೊಬ್ಬರಿ ಎಣ್ಣೆಯನ್ನು ನಾನು ಹಾಕಬೇಕು. ನಮ್ಮ ತೋಟದ್ದೇ ಕೊಬ್ಬರಿ, ಊರ ಗಾಣದಲ್ಲಿ ಆಡಿಸಿದ್ದು. ಅವರಪ್ಪ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯ ಗಾಲಿಗೆ ಹೀಗೆ ಹಾಕಿಸುತ್ತಿದ್ದರಂತೆ. ಮಗ ಅದನ್ನು ಇಂಜಿನ್ನಿಗೆ ತಂದರು. ಮುತ್ತೈದೆ ಕೈಯಿಂದ ಆಗಬೇಕು ಎನ್ನುತ್ತಿದ್ದರು. ಮಕ್ಕಳಿಲ್ಲದವಳ ಕೈ ಅಂತ ಅಂದವರಲ್ಲ, ಅದನ್ನೂ ಹೇಳಬೇಕು. ಪಂಪ್‌ಸೆಟ್ಟಿನ ದೊಡ್ಡ ಹೊಟ್ಟೆಗೆ ಒಂದು ಚಮಚ ಎಣ್ಣೆ ಯಾವ ಲೆಕ್ಕ? ಯಾವ ಇಂಜಿನ್ನೂ ಕೆಟ್ಟಿರಲಿಲ್ಲ.

ಆ ಕಾರು ಬಂದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದಲ್ಲಿ ಅದಿರು ತೆಗೆಯುವ ಒಂದು ಗಣಿ, ಅದರ ಯಂತ್ರಗಳನ್ನು ನೋಡಿಕೊಳ್ಳುವ ಸಾಹೇಬರೊಬ್ಬರಿದ್ದರು. ಊರು ಬಿಟ್ಟುಹೋಗುವ ವಿದೇಶಿ ಇಂಜಿನಿಯರೊಬ್ಬನಿಂದ ಅವರು ಕೊಂಡ ಹಳೆಯ ಜರ್ಮನಿ ಕಾರು ಅದು. ಎರಡೇ ಬಾಗಿಲು, ಗಿಡ್ಡ ಮೈ, ಇಂಜಿನ್ ಹಿಂದುಗಡೆ. ಮದ್ರಾಸಿನ ಹತ್ತಿರ ವಿಮಾನದ ಹಳೇ ಮೈದಾನದಲ್ಲಿ ಅದನ್ನು ರೇಸಿಗೆ ಬಿಡುವ ಹುಚ್ಚು ಸಾಹೇಬರಿಗೆ. ಒಂದು ದಿನ ನಮ್ಮ ಮನೆಯ ಮುಂದೆಯೇ ಕೆಟ್ಟು ನಿಂತಿತು. ಇವರು ಹಿಂದಿನ ಮುಚ್ಚಳ ತೆಗೆದು ನೋಡಿ ನಕ್ಕುಬಿಟ್ಟರು.

"ನೀರೇ ಬೇಡ್ವಲ್ಲ ಸಾರ್ ಇದ್ಕೆ. ಗಾಳೀಲೇ ತಣ್ಣಗಾಯ್ತದೆ. ನಮ್ ಪಂಪ್‌ಸೆಟ್ಟಿನ್ ದಾಯಾದಿ ಕಣ್ರೀ ಇದು."

ಅರ್ಧ ಗಂಟೆಯಲ್ಲಿ ಕಾರು ಹೊರಟಿತು. ಮುಂದಿನ ಭಾನುವಾರ ಸಾಹೇಬರು ತಾವಾಗಿಯೇ ಬಂದರು. ಕೈಯಲ್ಲಿ ಗೋಣಿಚೀಲ ಸುತ್ತಿದ ಒಂದು ಕಬ್ಬಿಣದ ವಸ್ತು, ದೊಡ್ಡ ಬಸವನ ಹುಳದ ಚಿಪ್ಪಿನ ಹಾಗಿತ್ತು. ಗಣಿಯಲ್ಲಿ ಗುಜರಿಗೆ ಹಾಕಿದ ವಿದೇಶಿ ಯಂತ್ರದಿಂದ ಬಿಚ್ಚಿಸಿದ ಟರ್ಬೊ. ಇದನ್ನು ಈ ಕಾರಿನ ಇಂಜಿನ್ನಿಗೆ ಕೂರಿಸಬೇಕು, ನಿಮ್ಮ ಕೈಲಾಗುತ್ತಾ ಮೇಸ್ತ್ರಿ, ಎಂದು ಕೇಳಿದರು. ಜೊತೆಗೆ ಒಂದು ಇಂಗ್ಲಿಷ್ ಪುಸ್ತಕ.

ಅದರ ಕೆಲಸವನ್ನು ನನಗೆ ಇವರು ಹೇಳಿಕೊಟ್ಟದ್ದು ಒಲೆಯ ಮುಂದೆಯೇ. ನನ್ನ ಕೈಯಿಂದ ಊದುಗೊಳವೆ ಕಿತ್ತುಕೊಂಡು ಊದಿ, "ಊದಿದ್ರೆ ಒಲೆ ಉರೀತದೆ ಅಲ್ವೇನೇ? ಇಂಜಿನ್ನೂ ಅಂಗೇ, ಗಾಳಿ ಊದಿದ್ರೆ ಜೋರಾಯ್ತದೆ. ಆದ್ರೆ ಇಲ್ಲಿ ಊದೋರು ಯಾರೂ ಬೇಡ. ಸೈಲೆನ್ಸರ್‌ಗೆ ಹೋಗೋ ಹೊಗೆ ಐತಲ್ಲ, ಅದು ಈ ಕಡೆ ಚಕ್ರ ತಿರುಗಿಸ್ತದೆ. ಅದೇ ಸಲಾಕೇಲಿ ಆ ಕಡೆ ಇನ್ನೊಂದ್ ಚಕ್ರ, ಅದು ಗಾಳಿ ತುರುಕ್ತದೆ. ತನ್ ಹೊಗೇಲಿ ತಾನೇ ಊದ್ಕೊಳ್ಳೋ ಒಲೆ ಕಣೇ," ಎಂದರು. ಮುಖದಲ್ಲಿ ಬೂದಿ. ಮದುವೆಯಾದ ಮೇಲೆ ನಾನು ಅವರನ್ನು ಅಷ್ಟು ಖುಷಿಯಾಗಿ ನೋಡಿರಲಿಲ್ಲ.

ಪುಸ್ತಕ ಓದುವ ಕೆಲಸ ನನಗೆ ಬಿತ್ತು. ಅವರದು ಏಳನೇ ಕ್ಲಾಸು, ನನ್ನ ಇಂಗ್ಲಿಷೂ ಮಕ್ಕಳಿಗೆ ಎ ಬಿ ಸಿ ಡಿ ಹೇಳಿಕೊಡುವಷ್ಟೇ. ಶಾಲೆಯಿಂದ ನಿಘಂಟು ತಂದು, ಸಂಜೆ ಶೆಡ್ಡಿನಲ್ಲಿ ಮಣೆ ಹಾಕಿಕೊಂಡು ಕೂತು ಒಂದೊಂದೇ ಸಾಲು ಬಿಡಿಸುತ್ತಿದ್ದೆ. ನಾಲ್ಕು ತಿಂಗಳು ಹೀಗೇ ನಡೆಯಿತು. ಒಳಗೆ ಗಾಳಿ ಹೆಚ್ಚು ತುಂಬಿದರೆ ಪೆಟ್ರೋಲು ಹೊತ್ತಿಗೆ ಮುಂಚೆಯೇ ಸಿಡಿದು ಪಿಸ್ಟನ್ ತೂತಾಗುತ್ತದೆ ಎಂದು ನಾನು ಓದಿದರೆ, ಅವರು ಒಂದು ದಿನ ಯೋಚಿಸಿ, ಸಿಲಿಂಡರುಗಳ ಬುಡಕ್ಕೆ ತೆಳ್ಳನೆಯ ಬಳೆ ಕೂರಿಸಿ ಒಳಗಿನ ಜಾಗ ಹೆಚ್ಚಿಸಿದರು. ಶಾಖ ಹೆಚ್ಚಾಗುತ್ತದೆ ಎಂದು ಓದಿದರೆ, ತಗಡು ಕತ್ತರಿಸಿ ಗಾಳಿ ನೇರವಾಗಿ ಸಿಲಿಂಡರಿನ ರೆಕ್ಕೆಗಳಿಗೆ ಬೀಳುವ ಹಾಗೆ ದಾರಿ ಮಾಡಿದರು. ಆ ದೊಡ್ಡ ಟರ್ಬೊ ಈ ಸಣ್ಣ ಇಂಜಿನ್ನಿಗೆ ಭಾರವಾಯಿತು. ಒಂಟಿ ಎತ್ತಿಗೆ ಜೋಡಿ ಎತ್ತಿನ ನೊಗ ಹೂಡಿದ ಹಾಗೆ ಎಂದು ತಾವೇ ಬೈದುಕೊಂಡು, ಹೊಗೆ ಬರುವ ಬಾಯಿಯನ್ನು ಕಿರಿದು ಮಾಡಿಸಿದರು. ತುಮಕೂರಿಗೆ ಹೋಗಿ ಲೇತಿನ ಮುಂದೆ ಇಡೀ ದಿನ ನಿಂತು ಬಂದರು.

ಪುಸ್ತಕದಲ್ಲಿ ಒಂದು ಸಾಲಿನ ಕೆಳಗೆ ಗೆರೆ ಎಳೆದಿತ್ತು. ಆ ಸಲಾಕೆ ಎಷ್ಟು ವೇಗವಾಗಿ ತಿರುಗುತ್ತದೆಯೆಂದರೆ ಎಣ್ಣೆ ಇಲ್ಲದೆ ಕೆಲವೇ ಕ್ಷಣಗಳಲ್ಲಿ ಅದರ ಬೇರಿಂಗು ಸುಟ್ಟುಹೋಗುತ್ತದೆ. ಆದ್ದರಿಂದ ಮೊದಲು ಎಣ್ಣೆಯ ಕೊಳವೆಯಲ್ಲಿ ಶುದ್ಧ ಎಣ್ಣೆ ತುಂಬಿ, ಆಮೇಲೆ ಇಂಜಿನ್ ಚಾಲೂ ಮಾಡಬೇಕು. ಇದನ್ನು ನಾನೇ ಮೂರು ಸಲ ಗಟ್ಟಿಯಾಗಿ ಓದಿ ಹೇಳಿದ್ದೆ.

ಮೊದಲ ಪರೀಕ್ಷೆ ಒಂದು ಮಧ್ಯಾಹ್ನ ಶೆಡ್ಡಿನ ಮುಂದೆಯೇ ಆಯಿತು. ಕೊಳವೆಗೆ ಇಂಜಿನ್ ಆಯಿಲ್ಲೇ ತುಂಬಿದ್ದರು. ಇಂಜಿನ್ ಸದ್ದು ಏರುತ್ತಿದ್ದಂತೆ ಅದರೊಳಗಿಂದ ಸಣ್ಣಗೆ ಒಂದು ಸಿಳ್ಳೆ ಕೇಳಿತು. ಇವರು ನನ್ನ ಕಡೆ ತಿರುಗಿ, "ಕೇಳಿಸ್ತೇನೇ? ಕೇಳಿಸ್ತಾ?" ಎಂದು ಕೂಗಿದರು. ಕೇಳಿಸಿತು. ನನ್ನ ಕಣ್ಣಲ್ಲಿ ನೀರು ಬಂತು. ಅವರಷ್ಟೇ ಅಲ್ಲ, ನಾನೂ ಅದನ್ನು ಮಾಡಿದ್ದೆ ಅಂತ ಅನ್ನಿಸಿತು. ಎಣ್ಣೆ ಕೊಳವೆಯ ಒಂದು ಸಂದಿಯಲ್ಲಿ ಸೋರುತ್ತಿತ್ತು, ಅದೊಂದು ಬಿಟ್ಟರೆ ಎಲ್ಲ ಸರಿಯಿತ್ತು.

ಮಾರನೆಯ ವಾರ ಸಾಹೇಬರು ಕಾಫಿ ಕುಡಿಯುತ್ತ ಜಗಲಿಯಲ್ಲಿ ಮಾತು ತೆಗೆದರು. ಗಣಿಯ ಕೆಲಸ ಬಿಟ್ಟು ಮದ್ರಾಸಿನಲ್ಲಿ ರೇಸ್ ಕಾರುಗಳ ವರ್ಕ್‌ಶಾಪ್ ಶುರು ಮಾಡುತ್ತಿದ್ದಾರಂತೆ, ಜೊತೆಗೆ ಪಾಲುದಾರರೊಬ್ಬರು ಇದ್ದಾರಂತೆ. "ಈ ಗಾಡಿ ಅರಸೀಕೆರೆವರೆಗೆ ಹೋಗಿ ವಾಪಸ್ ಬಂದ್ರೆ ಸಾಕು ಮೇಸ್ತ್ರಿ. ಅದನ್ನೇ ತಗೊಂಡು ಹೋಗಿ ಅವರಿಗೆ ತೋರಿಸ್ತೀನಿ. ಹೆಡ್ ಮೆಕ್ಯಾನಿಕ್ ನೀವೇ. ಬರ್ತೀರಾ?"

"ಬತ್ತೀನಿ ಸಾರ್."

ಒಂದು ಉಸಿರು ತೆಗೆದುಕೊಳ್ಳಲಿಲ್ಲ, ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಲಿಲ್ಲ. ಸಾಹೇಬರೇ ಪಾಪ, "ಮನೆಯವರನ್ನ ಒಂದು ಮಾತು ಕೇಳಿ," ಎಂದರು. ಇವರು, "ಅವ್ಳು ಗೌರ್ಮೆಂಟ್ ಕೆಲ್ಸದೋಳು ಸಾರ್, ಇಲ್ಲೇ ಇರ್ತಾಳೆ ಬುಡಿ," ಎಂದರು.

ನಲವತ್ತಕ್ಕೆ ಎರಡು ವರ್ಷ ಕಮ್ಮಿಯಿದ್ದ ಮನುಷ್ಯ, ಜನ್ಮವೆಲ್ಲ ಬಾವಿಕಟ್ಟೆಯ ಇಂಜಿನ್ನಿಗೆ ತೇಪೆ ಹಾಕಿದ ಮನುಷ್ಯ. ಅವರಿಗೆ ಅದು ಏನಾಗಿತ್ತು ಎಂದು ನನಗೆ ಅರ್ಥವಾಗುತ್ತಿತ್ತು, ಈಗಲ್ಲ, ಆಗಲೇ. ಇಂಥ ಮಾತು ಅವರನ್ನು ಇನ್ನೊಂದು ಸಲ ಹುಡುಕಿಕೊಂಡು ಬರುವುದಿಲ್ಲ ಎಂದೂ ಗೊತ್ತಿತ್ತು. ನನಗೆ ಇನ್ನೂ ಒಂದು ಗೊತ್ತಿತ್ತು. ಮಕ್ಕಳಿಲ್ಲದ ಮನೆಯಿಂದ ಮದ್ರಾಸಿಗೆ ಹೋದ ಗಂಡ ಹಬ್ಬಕ್ಕೆ ಬರುತ್ತಾನೆ, ಆಮೇಲೆ ಒಂದು ಹಬ್ಬಕ್ಕೆ ಬರುವುದಿಲ್ಲ. ನಾದಿನಿ ಆಡಿದ ಮಾತಿಗೆ ಅಲ್ಲಿ ಯಾರೂ ಅಡ್ಡ ಬರುವುದಿಲ್ಲ. ವರ್ಗ ಕೇಳಲು ಅದು ನಮ್ಮ ರಾಜ್ಯವೂ ಅಲ್ಲ. ಕೆಲಸ ಬಿಟ್ಟು ಬರುತ್ತೇನೆ ಎಂದಿದ್ದರೆ ಕರೆದುಕೊಂಡು ಹೋಗುತ್ತಿದ್ದರೋ ಏನೋ. ಅವರು ಕರೆಯಲಿಲ್ಲ, ನಾನು ಬಾಯಿ ಬಿಡಲಿಲ್ಲ. ಇಬ್ಬರೂ ಜಂಬದ ಕೋಳಿಗಳೇ.

ಅರಸೀಕೆರೆಗೆ ಹೋಗುವ ಹಿಂದಿನ ದಿನ ಸೋರುತ್ತಿದ್ದ ಕೊಳವೆಯನ್ನು ಕಿತ್ತುಹಾಕಿ ಹೊಸದು ಹಾಕಿದರು. ತಾಮ್ರದ್ದು, ಕಡ್ಡಿಯಷ್ಟೇ ಸಣ್ಣ ತೂತು. ಬಂಪರಿನ ಕೆಳಗೆ ಒಂದು ಸುತ್ತು ಹಾಕಿಕೊಂಡು ಟರ್ಬೊಗೆ ಹೋಗುತ್ತಿತ್ತು. ಮಧ್ಯಾಹ್ನ ಮೂರು ಗಂಟೆಯ ಬಿಸಿಲು. ಎಣ್ಣೆ ಶಾಸ್ತ್ರಕ್ಕೆ ನನ್ನನ್ನು ಕರೆದರು. ನಾನು ಹಿತ್ತಾಳೆ ಬಟ್ಟಲಲ್ಲಿ ಎಣ್ಣೆ ತಂದು ಚಮಚ ಎತ್ತಿದಾಗ ತಡೆದರು.

"ಒಂದ್ ಚಮಚ ಸಾಲಲ್ಲ ಕಣೇ. ಪೈಪ್ ತುಂಬಾ ಹಾಕು. ಬುಕ್ಕಲ್ಲಿ ಶುದ್ಧ ಎಣ್ಣೆ ಅಂತ ತಾನೇ ಐತೆ? ಪೇಟೇಲಿ ಸಿಗೋ ಆಯಿಲ್‌ಗೆ ಏನ್ ಬೆರೆಸಿರ್ತಾರೋ. ನಮ್ ಗಾಣದ್ದಕ್ಕಿಂತ ಶುದ್ಧ ಇನ್ಯಾವ್ದು?"

ಬಿಳಿ ಪಂಚೆಯ ತುದಿಯಲ್ಲಿ ಸೋಸಿ ಕೊಟ್ಟರು. ನಿಜವಾಗಿಯೂ ನೀರಿನಷ್ಟು ತಿಳಿಯಾಗಿತ್ತು. ನಾನು ಸಣ್ಣ ಆಲಿಕೆ ಇಟ್ಟು ನಿಧಾನವಾಗಿ ಹುಯ್ದೆ. ಹುಯ್ಯುತ್ತ, ತಲೆ ಎತ್ತದೆ ಕೇಳಿದೆ, "ಹೋಗ್ಲೇಬೇಕೇನ್ರೀ?"

ಅವರೂ ತಲೆ ಎತ್ತಲಿಲ್ಲ. ಸ್ಪ್ಯಾನರ್ ತಿರುಗಿಸುತ್ತ, "ಇಲ್ಲೇನೈತೆ ನಂಗೆ?" ಎಂದರು.

ಸಿಟ್ಟಿನಲ್ಲಿ ಹೇಳಿದ್ದರೆ ನಾನು ಮರೆಯುತ್ತಿದ್ದೆ. ಸಹಜವಾಗಿ, ಅಂಗಡಿಯಲ್ಲಿ ಉಪ್ಪು ಮುಗಿದಿದೆ ಅನ್ನುವ ಹಾಗೆ ಹೇಳಿದರು. ನಾನು ಕೊಳವೆ ತುಂಬುವ ತನಕ ಎಣ್ಣೆ ಹುಯ್ದು, ಬಟ್ಟಲು ತೆಗೆದುಕೊಂಡು ಒಳಗೆ ಬಂದೆ.

ಧನುರ್ಮಾಸದ ಚಳಿ ಅದು. ನಮ್ಮ ಕಡೆ ಆ ತಿಂಗಳಲ್ಲಿ ಕೊಬ್ಬರಿ ಎಣ್ಣೆ ಹೇಗಿರುತ್ತದೆ ಎಂದು ಕೂಸಿಗೂ ಗೊತ್ತು. ಬೆಳಿಗ್ಗೆ ಒಲೆಯ ಪಕ್ಕ ಇಟ್ಟು ಕರಗಿಸದೆ ಯಾರೂ ತಲೆಗೆ ಹಚ್ಚುವುದಿಲ್ಲ. ಮಾರನೆಯ ಬೆಳಿಗ್ಗೆ ನಾನು ಜಡೆ ಬಿಚ್ಚಿಕೊಂಡು ಅದೇ ಹಿತ್ತಾಳೆ ಬಟ್ಟಲಿಗೆ ಬೆರಳು ಹಾಕಿದೆ. ಎಣ್ಣೆ ಹೆಪ್ಪುಗಟ್ಟಿ ಬೆಳ್ಳಗೆ ಕೂತಿತ್ತು, ಉಗುರಿನಲ್ಲಿ ಕೆರೆಯಬೇಕಾಯಿತು.

ಹೊರಗೆ ಸಾಹೇಬರು ಬಂದಾಗಿತ್ತು. ಇವರು ಒಗೆದ ಶರ್ಟು ಹಾಕಿಕೊಂಡು, ಕಾರಿನ ಮುಂದೆ ಊದುಬತ್ತಿ ಹಚ್ಚುತ್ತಿದ್ದರು. ನಾನು ಬಟ್ಟಲು ಹಿಡಿದುಕೊಂಡೇ ಹೊಸಿಲಿನ ತನಕ ಹೋದೆ. ಬಂಪರಿನ ಕೆಳಗೆ ಆ ತಾಮ್ರದ ಕೊಳವೆ ಕಾಣುತ್ತಿತ್ತು, ಅದರ ಮೇಲೆ ಇಬ್ಬನಿ. ಅನುಮಾನ ಇತ್ತು, ಖಾತ್ರಿ ಇರಲಿಲ್ಲ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ಗೊತ್ತಿತ್ತು. ಪುಸ್ತಕದ ಆ ಸಾಲನ್ನು ಕನ್ನಡಕ್ಕೆ ಬಿಡಿಸಿದವಳು ನಾನು. "ರೀ, ಸ್ವಲ್ಪ ತಡೀರಿ, ಆ ಪೈಪಿಗೆ ಬಿಸಿನೀರು ಹುಯ್ತೀನಿ," ಅಷ್ಟು ಅಂದಿದ್ದರೆ ಸಾಕಿತ್ತು. ಹಂಡೆಯಲ್ಲಿ ನೀರು ಕಾದೇ ಇತ್ತು.

ಇವರು ನನ್ನನ್ನು ನೋಡಿ, "ಏನೇ?" ಎಂದರು.

"ಏನಿಲ್ಲ, ಹೋಗ್ಬನ್ನಿ," ಎಂದೆ.

ಮಾತು ಬೆಳ್ಳಿ, ಮೌನ ಬಂಗಾರ ಎಂದು ಮಕ್ಕಳಿಗೆ ಕಾಪಿ ಬರೆಸುವವಳು ನಾನು. ಆಮೇಲೆ ಆ ಗಾದೆಯನ್ನು ಬರೆಸಲು ನನ್ನ ಕೈ ಬರಲಿಲ್ಲ.

ಇಂಜಿನ್ ಚಾಲೂ ಆಯಿತು. ಶುರುವಿನಲ್ಲಿ ಸದ್ದೆಲ್ಲ ಸರಿಯಾಗಿಯೇ ಇತ್ತು. ಸ್ವಲ್ಪ ಹೊತ್ತು ನಿಂತಲ್ಲೇ, ಟರ್ಬೊ ಇನ್ನೂ ವೇಗ ಹಿಡಿಯದಷ್ಟು ನಿಧಾನವಾಗಿ ಓಡಿಸಿ, ಸಾಹೇಬರು ಸ್ಟೀರಿಂಗಿಗೆ, ಇವರು ಪಕ್ಕಕ್ಕೆ ಕೂತು ಹೊರಟರು. ಕಾರು ತೋಟಗಳ ನಡುವೆ ಮರೆಯಾಯಿತು. ಆಮೇಲೆ ಆ ಸಿಳ್ಳೆ ಕೇಳಿತು, ಜೋರಾಯಿತು, ಇನ್ನೂ ಜೋರಾಯಿತು, ಗರಗಸ ಕಲ್ಲಿಗೆ ತಾಗಿದ ಹಾಗೆ ಒಮ್ಮೆ ಕಿರುಚಿ ನಿಂತುಹೋಯಿತು. ರಸ್ತೆಯ ಆ ಕಡೆ ಕಾಯಿ ಸುಲಿಯುತ್ತಿದ್ದ ಆಳುಗಳು ಒಂದು ಗಳಿಗೆ ತಲೆ ಎತ್ತಿ ನೋಡಿ, ಮತ್ತೆ ಕೆಲಸಕ್ಕೆ ಬಗ್ಗಿದರು. ನಾನು ಹಂಡೆ ಒಲೆಗೆ ಒಂದು ಮಟ್ಟೆ ತುರುಕಿದೆ.

ಎರಡು ಗಂಟೆ ಕಳೆದು ಕಾರು ಬಂತು, ಎತ್ತುಗಳು ಎಳೆದುಕೊಂಡು ಬಂದವು. ಬಿಳಿಗೆರೆ ಕಡೆಯ ರೈತರೊಬ್ಬರು ನೊಗಕ್ಕೆ ಹಗ್ಗ ಕಟ್ಟಿ, ಪಕ್ಕದಲ್ಲಿ ನಡೆದು ಬರುತ್ತಿದ್ದರು. ಸಾಹೇಬರು ಒಳಗೆ ಕೂತು ಸ್ಟೀರಿಂಗ್ ಹಿಡಿದಿದ್ದರು. ಇವರು ಹಿಂದಿನಿಂದ ತಳ್ಳುತ್ತಿದ್ದರು, ಎತ್ತುಗಳಿರುವಾಗ ತಳ್ಳುವ ಅಗತ್ಯವೇ ಇರಲಿಲ್ಲ.

ಶೆಡ್ಡಿನಲ್ಲಿ ಬಿಚ್ಚಿದರು. ಬೇರಿಂಗು ಸುಟ್ಟು ಸಲಾಕೆಗೆ ಅಂಟಿಕೊಂಡಿತ್ತು. ಗಾಳಿ ಊದುವ ಚಕ್ರದ ರೆಕ್ಕೆಗಳು ಮುರಿದು ಚೂರುಚೂರಾಗಿ ಇಂಜಿನ್ನಿನೊಳಗೆ ಹೋಗಿದ್ದವು, ನಾಲ್ಕು ಪಿಸ್ಟನ್ನಿನಲ್ಲಿ ಮೂರು ಹಾಳಾಗಿದ್ದವು. ಇವರು ಕೊನೆಗೆ, ಶೆಡ್ಡಿನ ನೆರಳಲ್ಲಿ ಇನ್ನೂ ತಣ್ಣಗಿದ್ದ ಆ ತಾಮ್ರದ ಕೊಳವೆ ಬಿಚ್ಚಿದರು. ಬಂಪರಿನ ಕೆಳಗೆ ಬಾಗಿದ್ದ ತುಂಡಿಗೆ ತಂತಿ ಹಾಕಿ ತಳ್ಳಿದಾಗ ಇನ್ನೊಂದು ತುದಿಯಿಂದ ಬಿಳಿ ಬತ್ತಿಯ ಹಾಗೆ ಹೊರಗೆ ಬಂತು. ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ನೋಡುತ್ತಿದ್ದ ಹಾಗೆಯೇ ಕೈ ಬಿಸಿಗೆ ಅದು ಕರಗಿ ಬೆರಳ ಸಂದಿಯಿಂದ ಇಳಿಯಿತು. ಶೆಡ್ಡಿನ ತುಂಬ ಕೊಬ್ಬರಿ ಎಣ್ಣೆಯ ವಾಸನೆ.

"ತಪ್ಪು ನಂದೇ ಸಾರ್," ಎಂದರು.

ಸಾಹೇಬರು ಒಳ್ಳೆಯವರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬಿಡಿ ಮೇಸ್ತ್ರಿ, ಹಳೇ ಗಾಡಿ," ಎಂದು ನನ್ನ ಕೈಯಿಂದ ಕಾಫಿಯನ್ನೂ ಇಸಿದುಕೊಂಡು ಕುಡಿದರು. ನಾಲ್ಕು ದಿನ ಬಿಟ್ಟು ಗಣಿಯ ಲಾರಿ ಬಂದು ಕಾರನ್ನು ಹೊತ್ತುಕೊಂಡು ಹೋಯಿತು. ಮದ್ರಾಸಿನಿಂದ ಒಂದು ಕಾಗದ ಬರಬಹುದು ಎಂದು ಇವರು ಯುಗಾದಿಯ ತನಕ ಅಂಚೆಯವನ ಸೈಕಲ್ ಬೆಲ್ಲಿಗೆ ಕಿವಿಗೊಟ್ಟು ಕಾದರು. ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಊರವರು ಮರುಗಿದ್ದು ಸ್ವಲ್ಪ ದಿನ. ಆಮೇಲೆ ಕಾರಿಗೆ ಎಣ್ಣೆ ಸ್ನಾನ ಮಾಡಿಸಿದ ಮೇಸ್ತ್ರಿ ಎಂದು ನಗಲು ಶುರು ಮಾಡಿದರು. ಕೊಬ್ಬರಿ ಊರಿನಲ್ಲಿ ಹುಟ್ಟಿದವನಿಗೆ ಕೊಬ್ಬರಿ ಎಣ್ಣೆಯ ಗುಣ ಗೊತ್ತಿಲ್ಲ ಅಂದರೆ ಯಾರು ತಾನೇ ನಗದೆ ಬಿಟ್ಟಾರು?

ಇವರೂ ಅದನ್ನೇ ಹೇಳಿಕೊಳ್ಳುತ್ತಿದ್ದರು. ಊಟದ ಮಧ್ಯೆ ಕೈ ನಿಲ್ಲಿಸಿ, "ಅಷ್ಟೂ ತಲೆಗೆ ಹೊಳೀಲಿಲ್ವಲ್ಲೇ ನಂಗೆ. ದಿನಾ ನೋಡೋದು," ಎನ್ನುವರು. ನಾನು ಸಾರು ಬಡಿಸುತ್ತಿದ್ದೆ. "ಹೋಗ್ಲಿ ಬುಡಿ, ಅನ್ನ ಆರೋಯ್ತದೆ," ಎನ್ನುತ್ತಿದ್ದೆ. ಹೀಗೆ ಎಷ್ಟು ಸಲ!

ಒಂದೊಂದಾಗಿ ಪಂಪ್‌ಸೆಟ್ಟುಗಳು ಬರುವುದು ನಿಂತಿತು. ಜನ ಬರಲಿಲ್ಲವೆಂದಲ್ಲ, ಇವರೇ ಬೇರೆಯವರ ಹತ್ತಿರ ಕಳಿಸಿಬಿಡುತ್ತಿದ್ದರು. ಊರಿನ ನೀರು ಸರಬರಾಜಿನಲ್ಲಿ ಪಂಪ್ ಆಪರೇಟರ್ ಕೆಲಸ ಸಿಕ್ಕಿತು. ಬೆಳಿಗ್ಗೆ ಹೋಗಿ ಸ್ವಿಚ್ಚು ಹಾಕುವುದು, ಟ್ಯಾಂಕು ತುಂಬಿದ ಮೇಲೆ ಆರಿಸುವುದು. ಮೋಟಾರು ಕೆಟ್ಟರೆ ಬೇರೆಯವರು ಬಂದು ರಿಪೇರಿ ಮಾಡುತ್ತಿದ್ದರು, ಇವರು ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು. ಬೀಡಿ ಸೇದುವುದನ್ನು ಆಗಲೇ ಕಲಿತದ್ದು.

ನಾದಿನಿ ಕೂಡ ಸುಮ್ಮನಾದಳು. ಸಂಜೆ ಐದೂವರೆಗೆ ಗಂಡ ಮನೆಯಲ್ಲಿರುತ್ತಿದ್ದರು. ನಾನು ಬೇಡಿದ್ದು ಅದನ್ನೇ, ಸಿಕ್ಕಿತು. ಆದರೆ ಊದುಗೊಳವೆ ಕಿತ್ತುಕೊಂಡು ಊದಿ ತೋರಿಸಿದ ಮನುಷ್ಯ ಸಿಗಲಿಲ್ಲ. ಏನು ಕೇಳಿದರೂ "ಹೂಂ" ಎನ್ನುತ್ತಿದ್ದರು. ಇಷ್ಟಾದರೂ ನನ್ನ ಕೈಯಿಂದ ಕಾಫಿ ಲೋಟ ತೆಗೆದುಕೊಳ್ಳುವಾಗ ನನ್ನ ಮುಖ ನೋಡಿ ಸ್ವಲ್ಪ ನಗುತ್ತಿದ್ದರು, ನನ್ನನ್ನೇ ಸಮಾಧಾನ ಮಾಡುವವರ ಹಾಗೆ. ಆ ನಗುವನ್ನೇ ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ಏಳು ವರ್ಷ ತಡೆದುಕೊಂಡಿದ್ದೆ. ಒಂದು ಭಾನುವಾರ ಹಿತ್ತಲಲ್ಲಿ ಇಬ್ಬರೂ ಕೂತು ಕೊಬ್ಬರಿ ಆರಿಸುತ್ತಿದ್ದೆವು, ಉಂಡೆ ಒಂದು ಕಡೆ, ಒಡೆದದ್ದು ಒಂದು ಕಡೆ. ಹೇಳಿಬಿಟ್ಟೆ. ಬೆಳಿಗ್ಗೆ ಎಣ್ಣೆ ಗಟ್ಟಿಯಾದದ್ದನ್ನು ನೋಡಿದ್ದೆ, ನೀವು ಏನೇ ಅಂತ ಕೇಳಿದಾಗ ಬೇಕೆಂದೇ ಹೇಳಲಿಲ್ಲ, ನೀವು ಹೋಗಬಾರದು ಅಂತ ಹೇಳಲಿಲ್ಲ, ಎಂದೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದರೆ ಹೊಡೆಯಲಿ ಎಂದೇ ಇತ್ತು.

ಅವರು ಕೈಯಲ್ಲಿದ್ದ ಕೊಬ್ಬರಿಯನ್ನು ತಿರುಗಿಸಿ ನೋಡಿ ಉಂಡೆಯ ರಾಶಿಗೆ ಹಾಕಿದರು.

"ಗೊತ್ತು ಕಣೇ. ಅವತ್ತು ಪೈಪ್ ಬಿಚ್ಚಿದಾಗ್ಲೇ ಗೊತ್ತಾಯ್ತು. ಬೆಳಿಗ್ಗೆ ಎಣ್ಣೆ ಬಟ್ಲು ಹಿಡ್ಕೊಂಡು ಹೊಸ್ಲಲ್ಲಿ ನಿಂತಿದ್ದೆಯಲ್ಲ."

"ಮತ್ಯಾಕ್ರೀ ಒಂದ್ ಮಾತೂ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಹೂಂ ಅಂದ್ಬುಡ್ತಿದ್ದೆ. ಆಮೇಲೆ ಒಂದೇ ಮನೇಲಿ ಹೆಂಗಿರೋದು?" ಎಂದರು. ಇನ್ನೊಂದು ಕೊಬ್ಬರಿ ಕೈಗೆತ್ತಿಕೊಂಡು, "ಇವತ್ತು ಯಾಕ್ ಹೇಳ್ದೆ?" ಎಂದು ಕೇಳಿದರು.

ಉತ್ತರಕ್ಕೆ ಕಾಯದೆ, ನೀರು ಬಿಡುವ ಹೊತ್ತಾಯಿತು ಎಂದು ಎದ್ದು, ಪಂಚೆ ಕೊಡವಿಕೊಂಡು ಹೋದರು.

ಆಮೇಲೂ ಒಂದೇ ಮನೆಯಲ್ಲಿದ್ದೆವು, ಅವರು ಇರುವ ತನಕ. ಜಗಳವಾಡಲಿಲ್ಲ. ಬೆಳಿಗ್ಗೆ ಕಾಫಿ ಲೋಟವನ್ನು ನಾನು ಜಗಲಿಯ ಮೇಲೆ ಇಟ್ಟು ಒಳಗೆ ಬಂದ ಮೇಲೆ ಅವರು ಬಂದು ತೆಗೆದುಕೊಳ್ಳುತ್ತಿದ್ದರು.